ವ್ಯಾಪಾರವೂ ಊರಿನ ಋಣವೂ

ವ್ಯಾಪಾರವು ಲಾಭಕ್ಕಾಗಿ ನಡೆಯತಕ್ಕದ್ದು, ಪರೋಪಕಾರವು ಪುಣ್ಯಕ್ಕಾಗಿ ನಡೆಯತಕ್ಕದ್ದು, ಇವೆರಡನ್ನೂ ಬೆರೆಸಬಾರದು ಎಂದು ಹೇಳುವವರುಂಟು. ಈ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳುವುದಿಲ್ಲ. ನಷ್ಟದಲ್ಲಿ ಮುಳುಗಿದ ಅಂಗಡಿಯಿಂದ ಯಾರಿಗೂ ಉಪಕಾರವಾಗದು. ಆದರೆ ಲಾಭವು ಎಲ್ಲಿಂದ ಹುಟ್ಟುತ್ತದೆಂಬುದನ್ನು ವಿಚಾರಿಸಿದರೆ, ವರ್ತಕನ ಹೊಣೆಯು ಅವನ ಗಲ್ಲಾಪೆಟ್ಟಿಗೆಯ ಬಳಿಯಲ್ಲೇ ಮುಗಿಯುವುದಿಲ್ಲವೆಂಬುದು ಸ್ಪಷ್ಟವಾಗುವುದು.

ಕಲಬುರಗಿಯ ಒಂದು ಬೇಳೆಯ ಗಿರಣಿಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಕಟ್ಟಡ, ಯಂತ್ರ, ಮೂಲಧನಗಳು ಯಜಮಾನನವು. ಆದರೆ ಮಳೆಯನ್ನೇ ನಂಬಿ ಕಪ್ಪು ನೆಲದಲ್ಲಿ ತೊಗರಿಯನ್ನು ಬೆಳೆದವನು ರೈತ. ಮೂಟೆಯನ್ನು ಬೆನ್ನ ಮೇಲೆ ಹೊತ್ತವನು ಹಮಾಲ. ಗಿರಣಿಯ ಧೂಳನ್ನು ಸಹಿಸಿಕೊಂಡವರು ನೆರೆಹೊರೆಯವರು. ಇವರೊಬ್ಬರ ಹೆಸರೂ ಪಾಲುದಾರರ ಪಟ್ಟಿಯಲ್ಲಿ ಕಾಣದು. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಎಂದರೆ ಆ ಪ್ರದೇಶದ ಬೇಳೆಯಲ್ಲದೆ ಬೇರೆ ಯಾವುದೂ ಆ ಹೆಸರನ್ನು ಧರಿಸುವಂತಿಲ್ಲ. ಆ ಹೆಸರಿನ ಬೆಲೆಯು ನೆಲದ ಗುಣದಿಂದಲೂ ರೈತನ ದುಡಿಮೆಯಿಂದಲೂ ಬಂದುದು. 2022ರಲ್ಲಿ ನೆಟೆ ರೋಗವು ತಗಲಿ ಜಿಲ್ಲೆಯ ತೊಗರಿ ಬಹುವಾಗಿ ಒಣಗಿತು. ಹೊಲವು ಒಣಗಿದ ಮೇಲೆ ಗಿರಣಿಯ ಚಕ್ರಕ್ಕೆ ಕಾಳೆಲ್ಲಿಯದು?

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರದಲ್ಲಿ ಈ ಸಂಬಂಧವು ಇನ್ನೂ ನಿಚ್ಚಳವಾಗಿ ತೋರುತ್ತದೆ. ಅಲ್ಲಿಯ ಕೆಂಪು ಬಾಳೆಗೂ ಇದೇ ಮನ್ನಣೆಯುಂಟು. ಈ ಬಾಳೆಯು ಸಾಮಾನ್ಯ ತಳಿಗಳಿಗಿಂತ ತಡವಾಗಿ ಫಲಕ್ಕೆ ಬರತಕ್ಕದ್ದು. ಅಷ್ಟು ಕಾಲವೂ ರೈತನ ಹಣವು ತೋಟದಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಗೊನೆ ಬಲಿತ ಹೊತ್ತಿಗೆ ವರ್ತಕನು ಅವನ ಅವಸರವನ್ನು ಕಂಡು ಬೆಲೆಯನ್ನು ಇಳಿಸಿದನೆನ್ನಿ. ಆ ವರ್ಷ ವರ್ತಕನಿಗೆ ಲಾಭವೇ ಸರಿ. ಮುಂದೆ ರೈತನು ಬೇಗ ಕೈಗೆ ಬರುವ ಬೇರೆ ಬೆಳೆಯನ್ನು ಹಾಕುವನು. ಆಗ ವರ್ತಕನು ಬೇರೆ ಊರಿಗೆ ಹೋಗಿ ಕಮಲಾಪುರದ ಹಣ್ಣನ್ನು ಕೊಳ್ಳಬಲ್ಲನೆ? ರೈತನನ್ನು ಉಳಿಸಿಕೊಳ್ಳುವುದು ಅವನ ಪಾಲಿಗೆ ದಯೆಯಲ್ಲ, ವಿವೇಕ.

ಕಾನೂನೂ ಈ ಹೊಣೆಯನ್ನು ಒಂದು ಮಟ್ಟಿಗೆ ಗುರುತಿಸಿದೆ. 2013ರ ಕಂಪನಿಗಳ ಕಾಯಿದೆಯ ಮೇರೆಗೆ, 500 ಕೋಟಿ ರೂಪಾಯಿಗಳ ನಿವ್ವಳ ಆಸ್ತಿಯಾಗಲಿ, 1000 ಕೋಟಿಯ ವಹಿವಾಟಾಗಲಿ, 5 ಕೋಟಿಯ ನಿವ್ವಳ ಲಾಭವಾಗಲಿ ಉಳ್ಳ ಕಂಪನಿಯು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸತಕ್ಕದ್ದು. ಸೇಡಂ, ವಾಡಿಗಳ ಕಡೆ ಸುಣ್ಣದ ಕಲ್ಲನ್ನು ಅಗೆದು ಸಿಮೆಂಟು ಮಾಡುವಂಥ ದೊಡ್ಡ ಉದ್ಯಮಗಳನ್ನು ಉದ್ದೇಶಿಸಿದ ವಿಧಿಯಿದು. ಸಣ್ಣ ಗಿರಣಿಯಾಗಲಿ ಹಣ್ಣಿನ ಮಂಡಿಯಾಗಲಿ ಇದರ ಮಿತಿಯೊಳಗೆ ಬಾರವು. ಅಲ್ಲದೆ, ನಿತ್ಯವ್ಯವಹಾರದ ಅಂಗವಾಗಿ ಮಾಡುವ ಕೆಲಸವು ಈ ಲೆಕ್ಕಕ್ಕೆ ಸೇರದು. ನ್ಯಾಯವಾದ ತೂಕ, ಹೊತ್ತಿಗೆ ಸಲ್ಲುವ ಕೂಲಿ ಇವೆಲ್ಲವೂ ಆ ನೂರಕ್ಕೆ ಎರಡರ ಹೊರಗಿನ ಕರ್ತವ್ಯಗಳು. ಒಂದು ಕಡೆ ಶಾಲೆಗೆ ಕೊಠಡಿಯನ್ನು ಕಟ್ಟಿಸಿ, ಇನ್ನೊಂದು ಕಡೆ ತಕ್ಕಡಿಯಲ್ಲಿ ಮೋಸ ಮಾಡಿದವನು ಋಣಮುಕ್ತನಾಗಲಾರನು.

ಕಲಬುರಗಿಯಲ್ಲಿ ನಿಜಾಮರ ಕಾಲದ ಮೆಹಬೂಬ್ ಶಾಹಿ ಬಟ್ಟೆಯ ಗಿರಣಿಯು ನಿಂತುಹೋಗಿದೆ. ಬಡಾವಣೆಗೆ ಅದರ ಹೆಸರು ಮಾತ್ರ ಉಳಿದಿದೆ. ಗಿರಣಿಯೊಂದು ಮುಚ್ಚಿದಾಗ ಪಾಲುದಾರನು ಕಳೆದುಕೊಳ್ಳುವುದು ಹಾಕಿದ ಹಣವನ್ನು. ಕೂಲಿಗಾರನು ಕಳೆದುಕೊಳ್ಳುವುದು ಅನ್ನದ ದಾರಿಯನ್ನು. ನಷ್ಟದಲ್ಲಿ ಪಾಲು ಹೊರುವವರಿಗೆ ಏಳಿಗೆಯಲ್ಲಿಯೂ ಪಾಲು ಸಲ್ಲಬೇಕೆಂಬುದು ನ್ಯಾಯವಲ್ಲವೆ?

ಈ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಯಲ್ಲಿಯೇ ದಾಸೋಹವನ್ನೂ ಹೇಳಿದರು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿಯಾದರೋ ಗಳಿಸಿದವನು ತಾನೇ ಸೇವಕನು, ಗಳಿಕೆಯು ಸಮಾಜದ್ದು. ಶರಣಬಸವೇಶ್ವರರ ದಾಸೋಹವನ್ನು ಕಂಡ ಕಲಬುರಗಿಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ವರ್ತಕನೊಬ್ಬನ ಧರ್ಮವನ್ನು ಅರಿಯಬೇಕಾದರೆ ಅವನು ಕಟ್ಟಿಸಿದ ಛತ್ರದ ಮೇಲಣ ಫಲಕವನ್ನು ಆಮೇಲೆ ಓದೋಣ. ಮೊದಲು ಅವನ ತಕ್ಕಡಿಯನ್ನು ನೋಡೋಣ.