ಯಾವ ಮಗು ಯಾವ ತರಗತಿಗೆ?

ಬೇಸಗೆಯ ರಜ ಮುಗಿದು ಶಾಲೆಗಳು ಬಾಗಿಲು ತೆರೆಯುವಾಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಊರೂರಿನಲ್ಲಿಯೂ ಒಂದು ಕಾರ್ಯವು ಸದ್ದಿಲ್ಲದೆ ನಡೆಯುತ್ತದೆ. ಮುಖ್ಯೋಪಾಧ್ಯಾಯರು ದಾಖಲೆ ಪುಸ್ತಕವನ್ನು ಬಿಡಿಸಿ ಒಂದೊಂದು ಮಗುವಿನ ಹೆಸರನ್ನೂ ಒಂದೊಂದು ತರಗತಿಯ ಕೆಳಗೆ ಬರೆಯುತ್ತಾರೆ. ನೋಡುವುದಕ್ಕೆ ಇದು ಗುಮಾಸ್ತೆಯ ಕೆಲಸ. ಆದರೆ ಆ ಒಂದು ಸಾಲಿನಲ್ಲಿ ಮಗುವಿನ ಇಡೀ ವರ್ಷದ ಭಾಗ್ಯವು ಅಡಗಿದೆ. ಈ ನಿರ್ಣಯಕ್ಕೆ ಅಳತೆಗೋಲು ಯಾವುದು, ಅದು ಎಷ್ಟರ ಮಟ್ಟಿಗೆ ಸಾಲುತ್ತದೆ ಎಂಬುದನ್ನು ನಾವು ವಿಚಾರ ಮಾಡೋಣ.

ಇಂದಿನ ಮುಖ್ಯ ಅಳತೆ ವಯಸ್ಸು. ಜೂನ್ 1ಕ್ಕೆ 6 ವರ್ಷ ತುಂಬಿದ ಮಗುವೇ ಒಂದನೆಯ ತರಗತಿಗೆ ಅರ್ಹವೆಂದು ನಮ್ಮ ಸರ್ಕಾರವು 2022ರಲ್ಲಿ ವಿಧಿಸಿತು. 2025-26ನೆಯ ಸಾಲಿಗೆ ಮಾತ್ರ, ಶಿಶುತರಗತಿಗಳನ್ನು ಮುಗಿಸಿದ್ದ 5 ವರ್ಷ 5 ತಿಂಗಳಿನ ಮಕ್ಕಳಿಗೂ ಅವಕಾಶ ಕೊಟ್ಟಿತು. ಆಮೇಲೆ ಮಗು ವರ್ಷಕ್ಕೊಂದು ಮೆಟ್ಟಿಲು ಏರುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಎಂಟನೆಯ ತರಗತಿ ಮುಗಿಯುವವರೆಗೆ ಯಾರನ್ನೂ ತಡೆಹಿಡಿಯಬಾರದೆಂದಿತು. 2019ರ ತಿದ್ದುಪಡಿಯು 5 ಮತ್ತು 8ನೆಯ ತರಗತಿಗಳಲ್ಲಿ, ಮರುಪರೀಕ್ಷೆಯ ಬಳಿಕ, ತಡೆಹಿಡಿಯುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು.

ಕಲಿಕೆಯನ್ನು ಬಿಟ್ಟು ವಯಸ್ಸನ್ನೇ ಹಿಡಿದುದೇಕೆ? ರಾಮನಗರ, ಮಾಗಡಿಗಳ ರೇಷ್ಮೆಯ ಕೆಲಸದಲ್ಲಿ ಹಿಂದೆ ಎಳೆಯ ಮಕ್ಕಳು ದುಡಿಯುತ್ತಿದ್ದುದು ಎಲ್ಲರೂ ಬಲ್ಲ ಸಂಗತಿ. ಬಿಸಿನೀರಿನ ಗೂಡಿನಿಂದ ಎಳೆ ತೆಗೆದ ಆ ಕೈಗಳಿಗೆ ಬಳಪ ಸಿಕ್ಕಿರಲಿಲ್ಲ. ಹತ್ತು ವರ್ಷದ ಅಂಥ ಹುಡುಗಿಯೊಬ್ಬಳು ಶಾಲೆಗೆ ಬಂದಳೆನ್ನೋಣ. ಅಕ್ಷರ ಬಾರದೆಂದು ಆರು ವರ್ಷದವರ ನಡುವೆ ಕುಳ್ಳಿರಿಸಿದರೆ ನಾಚಿಕೆಯಿಂದಲೇ ಅವಳು ಮರುವಾರ ಬಾರದೆ ಹೋದಾಳು. ಆದಕಾರಣ ಕಾಯಿದೆಯ 4ನೆಯ ಪ್ರಕರಣವು ಅಂಥವಳನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕೆಂದೂ, ಜೊತೆಯವರ ಮಟ್ಟಕ್ಕೆ ಬರಲು ವಿಶೇಷ ತರಬೇತಿಯು ಅವಳ ಹಕ್ಕೆಂದೂ ಹೇಳುತ್ತದೆ. ಎರಡನೆಯ ಮಾತನ್ನು ಮರೆತರೆ ಮೊದಲನೆಯದು ಬರಿಯ ಹೆಸರು ಬರೆದುಕೊಂಡಷ್ಟೇ ಸರಿ.

ನಮ್ಮ ಹಿರಿಯರ ಕೂಲಿಮಠದಲ್ಲಿ ಈ ತೊಡಕು ಇರಲಿಲ್ಲ. ಮರಳಿನಲ್ಲಿ ಅಕ್ಷರ ತಿದ್ದುವವನೂ ಮಗ್ಗಿ ಒಪ್ಪಿಸುವವನೂ ಒಂದೇ ಜಗಲಿಯ ಮೇಲೆ ಕುಳಿತು ತಮ್ಮ ತಮ್ಮ ಪಾಠವನ್ನು ಮುಂದುವರಿಸುತ್ತಿದ್ದರು. ಮದರಾಸಿನ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ನಾಡಶಾಲೆಯಲ್ಲಿ ಈ ಮರಳಿನ ಬರಹವನ್ನು ಕಂಡು ತನ್ನಲ್ಲಿಯೂ ಅಳವಡಿಸಿದನು. ಹುಡುಗರಿಂದಲೇ ಹುಡುಗರಿಗೆ ಕಲಿಸುವ ಕ್ರಮವನ್ನು 1797ರಲ್ಲಿ ಪ್ರಕಟಿಸಿದನು. ಆದರೆ ಕೂಲಿಮಠದ ಬಾಗಿಲು ಎಲ್ಲ ಜಾತಿಯವರಿಗೂ, ಹೆಣ್ಣುಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯಬಾರದು. ವಯಸ್ಸಿನ ಅಳತೆಯು ಆ ಬಾಗಿಲನ್ನು ತೆರೆಯಿತು.

ಒಳಗೆ ಬಂದ ಮಗುವಿಗೆ ಪಾಠ ಯಾವುದೆಂಬುದು ಉಳಿದ ಪ್ರಶ್ನೆ. ಇದಕ್ಕೆ ಉತ್ತರವನ್ನು ನಮ್ಮ ನಾಡೇ ಕೊಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ ಕಲಿ’ಯು 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿತು. ಇದರಲ್ಲಿ ಕೆಳಗಿನ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಐದು ಗುಂಪುಗಳಾಗಿ ಕುಳಿತುಕೊಳ್ಳುತ್ತಾರೆ. ಹೊಸ ಪಾಠದವರು ಉಪಾಧ್ಯಾಯರ ಬಳಿ. ಸ್ವಲ್ಪ ಬಲ್ಲವರು ಗೆಳೆಯರ ನೆರವಿನಲ್ಲಿ. ಚೆನ್ನಾಗಿ ಬಲ್ಲವರು ತಾವಾಗಿಯೇ. ಗೋಡೆಯ ಮೇಲಿನ ಕಲಿಕೆಯ ಏಣಿಯಲ್ಲಿ ತಾನು ಎಲ್ಲಿರುವೆನೆಂಬುದನ್ನು ಪ್ರತಿ ಮಗುವೂ ತಿಳಿದಿರುತ್ತದೆ. 60 ಮಕ್ಕಳವರೆಗಿನ ಕಿರಿಯ ಶಾಲೆಗೆ ಕಾಯಿದೆಯು ವಿಧಿಸುವುದು ಇಬ್ಬರೇ ಉಪಾಧ್ಯಾಯರನ್ನು. ಅಲ್ಲಿ ತರಗತಿಗಳು ಬೆರೆಯುವುದು ಅನಿವಾರ್ಯ. ಆ ಅನಿವಾರ್ಯವನ್ನೇ ನಲಿ ಕಲಿಯು ಅನುಕೂಲವಾಗಿಸಿಕೊಂಡಿತು.

ಆದ್ದರಿಂದ ಮಗುವನ್ನು ಶಾಲೆಗೆ ಸೇರಿಸುವ ತಂದೆತಾಯಿಗಳಲ್ಲಿ ನಮ್ಮ ಅರಿಕೆ ಇಷ್ಟೆ. ಯಾವ ತರಗತಿಯೆಂದು ಕೇಳಿ ಸುಮ್ಮನಾಗಬೇಡಿ. ಅಲ್ಲಿ ನಮ್ಮ ಮಗುವಿಗೆ ಬಾರದುದನ್ನು ಯಾರು, ಯಾವಾಗ ಕಲಿಸುವರೆಂದೂ ಕೇಳಿರಿ. ತರಗತಿಯನ್ನು ವಯಸ್ಸು ನಿರ್ಣಯಿಸಲಿ. ಪಾಠವನ್ನು ಮಗುವಿನ ಕಲಿಕೆಯೇ ನಿರ್ಣಯಿಸಬೇಕು.