ಬಟ್ಟೆಯ ರೆಕ್ಕೆಗೆ ಸಹಿ ಹಾಕುವವರು

ತಂಬೂರಿನಲ್ಲಿ ಟ್ರ್ಯಾಕ್ಟರ್ ಕೈಕೊಟ್ಟರೆ ಕಲಘಟಗಿಯ ಮಿಸ್ತ್ರಿಗೆ ಒಂದು ಫೋನ್ ಹೋಗುತ್ತದೆ. ಬೈಕಿಗೆ ಪಾನಾ ಚೀಲ ನೇತುಹಾಕಿಕೊಂಡು ಆತ ಹೊಲಕ್ಕೇ ಬರುತ್ತಾನೆ. ‘ಪುಷ್ಪಕ್’ ಎಂಬ ಪುಟ್ಟ ವಿಮಾನದ ಎಂಜಿನ್ ಆ ಟ್ರ್ಯಾಕ್ಟರಿನದಕ್ಕಿಂತ ಸರಳ. ನಾಲ್ಕೇ ಸಿಲಿಂಡರ್, ಒಂದು ಕಾರ್ಬುರೇಟರ್, ಎರಡು ಮ್ಯಾಗ್ನೆಟೊ. ತಂಪು ಮಾಡುವುದು ಗಾಳಿ, ಹಾಗಾಗಿ ರೇಡಿಯೇಟರ್ ಇಲ್ಲ. ಸ್ಟಾರ್ಟರೂ ಇಲ್ಲ, ಪ್ರೊಪೆಲ್ಲರನ್ನು ಕೈಯಲ್ಲೇ ತಿರುಗಿಸಬೇಕು. ಇಷ್ಟಾದರೂ ಇದಕ್ಕೆ ಮಿಸ್ತ್ರಿ ಸಿಗುವುದು ಬಹಳ ಕಷ್ಟ.

ಪುಷ್ಪಕ್ ನಮ್ಮದೇ ನಾಡಿನ ಕೂಸು. ಅಮೆರಿಕದ ಏರಾಂಕಾ ಚೀಫ್ ಮಾದರಿಯನ್ನು ಆಧರಿಸಿ ಬೆಂಗಳೂರಿನ ಎಚ್‌ಎಎಲ್ ಇದನ್ನು ಕಟ್ಟಿತು. ಮೊದಲು ಹಾರಿದ್ದು 1958ರ ಸೆಪ್ಟೆಂಬರ್ 28ರಂದು. ಅಕ್ಕಪಕ್ಕ ಇಬ್ಬರು ಕೂರಬಹುದಾದ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿನ ಇಂಥ ನೂರೈವತ್ತಕ್ಕೂ ಹೆಚ್ಚು ವಿಮಾನಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿದವು. ಒಂದು ಇಡೀ ತಲೆಮಾರಿನ ಪೈಲಟ್‌ಗಳು ಹಾರಾಟದ ಅಕ್ಷರಾಭ್ಯಾಸ ಮಾಡಿದ್ದು ಇದರಲ್ಲೇ. ಅವರನ್ನು ಮತ್ತೆ ಮತ್ತೆ ಸುರಕ್ಷಿತವಾಗಿ ನೆಲಕ್ಕಿಳಿಸಿದ ಕೈಗಳು ಹ್ಯಾಂಗರಿನ ಒಳಗಿದ್ದವು. ಈ ಲೇಖನ ಆ ಕೈಗಳ ಕುರಿತು.

ಅವರ ಹುದ್ದೆಯ ಹೆಸರು ಏರ್‌ಕ್ರಾಫ್ಟ್ ಮೆಂಟೆನನ್ಸ್ ಎಂಜಿನಿಯರ್, ರೂಢಿಯಲ್ಲಿ ಎಎಂಇ. ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಪಿಸ್ಟನ್ ಎಂಜಿನ್ನಿನ ವಿಮಾನಗಳಿಗೆ ಬಿ1.2 ಎಂಬ ಪ್ರತ್ಯೇಕ ವರ್ಗವೇ ಇದೆ. ಕೆಲಸ ಮುಗಿದ ಮೇಲೆ ಅರ್ಹ ಎಂಜಿನಿಯರ್ ಸಹಿ ಬೀಳದೆ ವಿಮಾನ ನೆಲ ಬಿಡುವಂತಿಲ್ಲ.

ಸಹಿಗೆ ಮೊದಲಿನ ಪರೀಕ್ಷೆಯೊಂದನ್ನು ನೋಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿದ ಜಾಗದಿಂದ ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದ ಗಾಳಿ ತುಂಬುತ್ತಾರೆ. ಆಗ ಒಬ್ಬರು ಪ್ರೊಪೆಲ್ಲರನ್ನು ಬಿಗಿಯಾಗಿ ಹಿಡಿದಿರಲೇಬೇಕು, ಕೈ ಜಾರಿದರೆ ಅದು ಗಿರ್ರನೆ ತಿರುಗಿ ಹೊಡೆಯುತ್ತದೆ. ಎಷ್ಟು ಒತ್ತಡ ಒಳಗೆ ಉಳಿಯಿತೆಂದು ಮೀಟರ್ ಹೇಳುತ್ತದೆ. ಗಾಳಿ ಎಲ್ಲಿ ಸೋರುತ್ತಿದೆ ಎಂಬುದನ್ನು ಮಾತ್ರ ಕಿವಿಯೇ ಹೇಳಬೇಕು. ಸೈಲೆನ್ಸರಿನಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂತಿಲ್ಲ. ಕಾರ್ಬುರೇಟರಿನಲ್ಲಿ ಕೇಳಿದರೆ ಇನ್‌ಲೆಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್ ಸವೆದಿದೆ. ನಮ್ಮ ಟ್ರ್ಯಾಕ್ಟರ್ ಮಿಸ್ತ್ರಿಗಳಿಗೆ ಈ ವಿದ್ಯೆ ಹೊಸದಲ್ಲ.

ನಿಜವಾಗಿ ಕಳೆದುಹೋಗುತ್ತಿರುವುದು ಬಟ್ಟೆಯ ಕೆಲಸ. ಇಂಥ ವಿಮಾನದ ಮೈಮೇಲೆ ತಗಡಿಲ್ಲ, ಬಟ್ಟೆಯಿದೆ. ಹಳೆಯ ಪದ್ಧತಿಯಲ್ಲಿ ಅದು ಹತ್ತಿಯದೇ. ಮೇಣ ಹಚ್ಚಿದ ದಾರದಿಂದ ಬಟ್ಟೆಯನ್ನು ರೆಕ್ಕೆಯ ಪಕ್ಕೆಲುಬುಗಳಿಗೆ ಹೊಲಿದು, ‘ಡೋಪ್’ ಎಂಬ ಘಾಟು ವಾಸನೆಯ ದ್ರಾವಣವನ್ನು ಪದರ ಪದರವಾಗಿ ಬಳಿಯುತ್ತಾರೆ. ಒಣಗುತ್ತ ಬಟ್ಟೆ ಬಿಗಿದು, ಬೆರಳಿನಿಂದ ಬಾರಿಸಿದರೆ ಸದ್ದು ಮಾಡುವಷ್ಟು ಸೆಟೆಯುತ್ತದೆ. ಗ್ರೇಡ್ ಎ ಎಂಬ ಹತ್ತಿ ಬಟ್ಟೆ ಹೊಸತಿದ್ದಾಗ ಇಂಚಿಗೆ 80 ಪೌಂಡ್ ಎಳೆತ ತಾಳಬೇಕು. ಬಿಸಿಲು ತಿಂದು ಆ ಬಲ ಶೇ 70ಕ್ಕಿಂತ ಕೆಳಗಿಳಿದರೆ ಬಟ್ಟೆ ಕಿತ್ತು ಹೊಸದು ಹಾಕಲೇಬೇಕು. ನವಲಗುಂದ, ಅಣ್ಣಿಗೇರಿಯ ಎರೆಹೊಲದ ಹತ್ತಿ ಕಂಡವರಿಗೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜದ ಖಾದಿಯನ್ನು ಎಳೆ ಎಳೆಯಾಗಿ ಪರೀಕ್ಷಿಸುವುದನ್ನು ನೋಡಿದವರಿಗೆ ಈ ಕಟ್ಟುನಿಟ್ಟು ಅರ್ಥವಾಗುತ್ತದೆ. ಬಟ್ಟೆಗೂ ಒಂದು ಲೆಕ್ಕವಿದೆ, ಅದರಲ್ಲಿ ರಿಯಾಯಿತಿ ಇಲ್ಲ.

ಬಿಡಿಭಾಗದ ಮಾತೂ ಹಾಗೆಯೇ. ವಿಮಾನ ನಿಲ್ದಾಣವಿರುವ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೇ ಲೇತ್ ಮಷಿನ್‌ಗಳೂ ಇವೆ. ಅಲ್ಲೊಂದು ಬುಷ್ ತಿರುವಿಸುವುದು ದೊಡ್ಡ ಕೆಲಸವಲ್ಲ. ಆದರೆ ಅನುಮೋದಿತ ಸಂಸ್ಥೆಯ ಪ್ರಮಾಣಪತ್ರ ಜೊತೆಗಿಲ್ಲದಿದ್ದರೆ ಅದೆಷ್ಟೇ ನಯವಾಗಿದ್ದರೂ ವಿಮಾನಕ್ಕೆ ಹಾಕುವಂತಿಲ್ಲ. ಎಂಜಿನ್ ಮಟ್ಟಿಗೆ ಒಂದು ಸಮಾಧಾನವಿದೆ. ಇದರ ತಮ್ಮನಂತಿರುವ ಒ-200 ಎಂಜಿನ್ ಸೆಸ್ನಾ 150ರಲ್ಲಿ ಲೋಕವಿಡೀ ಹಾರಿದ್ದರಿಂದ ಎಷ್ಟೋ ಭಾಗಗಳು ಇಂದಿಗೂ ಸಿಗುತ್ತವೆ.

ಜನ ಸಿಗುವುದಿಲ್ಲ. ಇಂದು ಎಎಂಇ ಓದುವ ಹುಡುಗ ಹುಡುಗಿಯರ ಕಣ್ಣು ಏರ್‌ಬಸ್, ಬೋಯಿಂಗ್ ಮೇಲೆ. ಸಂಬಳ ಅಲ್ಲಿದೆ, ಅವರದು ತಪ್ಪಲ್ಲ. ಇನ್ನೊಂದು ತೊಡಕು ನಿಯಮದ್ದು. ಸಹಿಯ ಅಧಿಕಾರ ಉಳಿಯಬೇಕಾದರೆ ಹಿಂದಿನ ಎರಡು ವರ್ಷಗಳಲ್ಲಿ ಆರು ತಿಂಗಳಾದರೂ ಆ ವರ್ಗದ ನಿರ್ವಹಣೆಯ ಅನುಭವ ಇರಬೇಕು. ಸುರಕ್ಷತೆಯ ದೃಷ್ಟಿಯಿಂದ ಈ ನಿಯಮ ಸರಿಯೇ. ಆದರೆ ಹಳೆ ವಿಮಾನ ಕಡಿಮೆಯಾದಂತೆ ಅನುಭವಕ್ಕೆ ಅವಕಾಶ ಕಡಿಮೆ, ಅನುಭವ ಕಡಿಮೆಯಾದಂತೆ ಸಹಿ ಹಾಕುವವರು ಕಡಿಮೆ, ಅವರಿಲ್ಲದೆ ಇನ್ನೊಂದು ವಿಮಾನ ಮೂಲೆ ಸೇರುತ್ತದೆ.

ಈ ಸರಪಳಿ ಕಡಿಯಲು ಕರ್ನಾಟಕಕ್ಕಿಂತ ಯೋಗ್ಯ ಜಾಗ ನನಗೆ ಕಾಣುವುದಿಲ್ಲ. ಪುಷ್ಪಕ್ ಹುಟ್ಟಿದ ಎಚ್‌ಎಎಲ್ ಇಲ್ಲಿದೆ, ಮೈಸೂರು ಅರಸರ ಕಾಲದಲ್ಲಿ ಮೊದಲಾದ ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆ ಇಲ್ಲಿದೆ. ನಿವೃತ್ತರಾದ ಹಿರಿಯರಿಗೆ ಸಹಿ ಹಾಕುವ ಅಧಿಕಾರ ಇಲ್ಲದಿರಬಹುದು, ಕಲಿಸಲು ಯಾವ ಅಡ್ಡಿಯೂ ಇಲ್ಲ. ಲೈಸೆನ್ಸ್ ಇರುವ ಎಳೆಯರನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ಒಂದೇ ಒಂದು ಪುಷ್ಪಕ್‌ಗೆ ಹೊಸ ಬಟ್ಟೆ ಹೊದಿಸಿದರೂ, ಆ ಹೊಲಿಗೆ ಹಾಕುವುದನ್ನು ಬಲ್ಲ ನಾಲ್ಕು ಜೊತೆ ಕೈಗಳು ತಯಾರಾಗುತ್ತವೆ.