ಗ್ರೀನ್ ಕಾರ್ಡ್‌ಗೆ ಜಾಮೀನು: ಅನುಮಾನ ಬಂದ ಮಾತ್ರಕ್ಕೆ ಸಹಿ ಅಳಿಯದು

ಅಮೆರಿಕದಲ್ಲಿ ನೆಲೆಸಿದವರು ಊರಿನಿಂದ ಗಂಡನನ್ನೋ ಹೆಂಡತಿಯನ್ನೋ ಹೆತ್ತವರನ್ನೋ ಕಾಯಂ ಆಗಿ ಕರೆಸಿಕೊಳ್ಳಬೇಕಾದರೆ ಐ-864 ಎಂಬ ಜಾಮೀನು ನಮೂನೆಗೆ ಸಹಿ ಹಾಕಬೇಕು. ಹತ್ತಾರು ಕಾಗದಗಳ ನಡುವೆ ಇದೂ ಒಂದು ಎಂದುಕೊಂಡು ಸಹಿ ಮಾಡಿಬಿಡುವುದು ಸುಲಭ. ಆದರೆ 1996ರ ವಲಸೆ ಕಾನೂನು ಇದನ್ನು ಕೋರ್ಟಿನಲ್ಲಿ ಜಾರಿ ಮಾಡಿಸಬಹುದಾದ ಕರಾರನ್ನಾಗಿ ಮಾಡಿದೆ. ಬಂದವರ ಜೀವನಮಟ್ಟ ಬಡತನ ಮಿತಿಯ ಶೇ 125ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವ ಹೊಣೆ ಸಹಿ ಮಾಡಿದವರದ್ದು. ಬಡವರಿಗೆಂದಿರುವ ಕೆಲವು ಸರ್ಕಾರಿ ನೆರವುಗಳನ್ನು ಅವರು ಪಡೆದರೆ, ಕೊಟ್ಟ ಇಲಾಖೆ ಆ ಹಣವನ್ನು ಜಾಮೀನುದಾರರಿಂದ ವಸೂಲು ಮಾಡಬಹುದು. ಬಂದವರು ಅಮೆರಿಕದ ಪ್ರಜೆಯಾದರೆ, ಸುಮಾರು ಹತ್ತು ವರ್ಷಗಳ ದುಡಿಮೆಗೆ ಸಮನಾದ 40 ತ್ರೈಮಾಸಿಕಗಳು ಅವರ ಲೆಕ್ಕಕ್ಕೆ ಸೇರಿದರೆ, ಕಾಯಂ ವಾಸದ ಹಕ್ಕು ಬಿಟ್ಟು ದೇಶ ತೊರೆದರೆ ಅಥವಾ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಈ ಹೊಣೆ ಮುಗಿಯುತ್ತದೆ. ಈ ಪಟ್ಟಿಯಲ್ಲಿ ವಿಚ್ಛೇದನವಿಲ್ಲ. ‘ನನಗೆ ಮೋಸವಾಗಿದೆ ಅನಿಸುತ್ತಿದೆ’ ಎಂಬ ಕಾರಣವೂ ಇಲ್ಲ.

ಕೋರ್ಟುಗಳು ಇದನ್ನು ಬಿಗಿಯಾಗಿಯೇ ಓದಿವೆ. ಮಾಜಿ ಪತ್ನಿ ಕೆಲಸ ಹುಡುಕದಿದ್ದರೆ ತಾನೇಕೆ ಹಣ ಕೊಡಬೇಕು ಎಂದು ಕೇಳಿದ ಜಾಮೀನುದಾರನ ವಾದವನ್ನು ಶಿಕಾಗೊದ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಒಪ್ಪಲಿಲ್ಲ. ಮದುವೆಗೆ ಮೊದಲು ಮಾಡಿಕೊಂಡ ‘ಜೀವನಾಂಶ ಬೇಡ’ ಎಂಬ ಒಪ್ಪಂದವೂ ಈ ಹೊಣೆಯನ್ನು ಅಳಿಸದು ಎಂದು ಒಂಬತ್ತನೇ ಸರ್ಕ್ಯೂಟ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಹೇಳಿತು. ವಂಚಿಸಿ ಸಹಿ ಪಡೆದರು ಎಂಬ ವಾದವನ್ನು ಕೋರ್ಟಿನ ಮುಂದಿಡಬಹುದಾದರೂ ಅದನ್ನು ಸಾಬೀತು ಮಾಡುವ ಭಾರ ಹೊರಬೇಕಾದವರು ಜಾಮೀನುದಾರರೇ. ಸಂಸಾರ ಕೆಟ್ಟಿತು ಎಂಬುದು ಅದಕ್ಕೆ ಸಾಕ್ಷಿಯಾಗದು.

ಗ್ರೀನ್ ಕಾರ್ಡ್‌ಗಾಗಿಯೇ ಮದುವೆಯಾಗಿ ಕೈಕೊಟ್ಟವರನ್ನು ಮೋಸಹೋದವರೇ ಸಾಕಬೇಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಬರೀ ಅನುಮಾನದಿಂದ ಹೊಣೆ ಕಳಚುವಂತಿದ್ದರೆ, ಹೆಂಡತಿಯನ್ನು ಹೊಡೆದು ಹೊರಗಟ್ಟಿದ ಗಂಡನೂ ‘ಅವಳು ವೀಸಾಗಾಗಿ ಬಂದವಳು’ ಎಂದು ದೂರು ಬರೆದು ಕೈತೊಳೆದುಕೊಳ್ಳಬಹುದು. ದೂರದ ದೇಶದಲ್ಲಿ ಕೆಲಸ, ಬಂಧುಬಳಗ ಯಾವುದೂ ಇಲ್ಲದ ಹೆಣ್ಣಿಗೆ ಆ ಆರೋಪವೇ ಬೆದರಿಕೆಯ ಆಯುಧವಾಗುತ್ತದೆ. ಹಾಗಾಗಿ ವಂಚನೆ ನಡೆದಿದೆಯೇ ಎಂಬ ಪ್ರಶ್ನೆಯನ್ನು ಸಂಗಾತಿಯ ಮಾತಿಗೆ ಬಿಡದೆ, ವಲಸೆ ಅಧಿಕಾರಿಗಳು ಮತ್ತು ನ್ಯಾಯಾಧೀಶರು ತೀರ್ಮಾನಿಸುವಂತೆ ಕಾನೂನು ಇಟ್ಟಿರುವುದು ಸರಿ.

ಹಾಗೆಂದು ಮೋಸಹೋದವರಿಗೆ ಬಾಗಿಲೇ ಇಲ್ಲವೆಂದಲ್ಲ. ಆ ಬಾಗಿಲು ಇರುವುದು ಆರಂಭದಲ್ಲಿ. ಮುಂಬಯಿ ಕಾನ್ಸುಲೇಟಿನಲ್ಲಿ ವೀಸಾ ಮಂಜೂರಾಗುವ ಮೊದಲು, ಅಥವಾ ಅಮೆರಿಕದಲ್ಲೇ ಅರ್ಜಿ ಹಾಕಿದ್ದರೆ ಅದು ಇತ್ಯರ್ಥವಾಗುವ ಮೊದಲು, ಲಿಖಿತವಾಗಿ ತಿಳಿಸಿ ಜಾಮೀನನ್ನು ಹಿಂಪಡೆಯಬಹುದು. ಮದುವೆಗೆ ಎರಡು ವರ್ಷ ತುಂಬುವ ಮುನ್ನ ಗ್ರೀನ್ ಕಾರ್ಡ್ ಸಿಕ್ಕರೆ ಅದು ಎರಡು ವರ್ಷಗಳ ಷರತ್ತಿನದು. 1986ರಲ್ಲಿ ಈ ಏರ್ಪಾಡು ಬಂದದ್ದೇ ನಕಲಿ ಮದುವೆ ತಡೆಯಲು. ಷರತ್ತು ತೆಗೆಸುವ ಐ-751 ಅರ್ಜಿಗೆ ದಂಪತಿ ಜಂಟಿಯಾಗಿ ಸಹಿ ಹಾಕಬೇಕು. ಸುಳ್ಳು ಸಂಬಂಧ ಎಂದು ನಂಬಲು ಕಾರಣವಿದ್ದವರು ಸಹಿ ನಿರಾಕರಿಸಬಹುದು. ಪ್ರಾಮಾಣಿಕವಾಗಿ ಮದುವೆಯಾಗಿ ವಿಚ್ಛೇದನ ಪಡೆದವರಿಗೆ, ದೌರ್ಜನ್ಯಕ್ಕೆ ಒಳಗಾದವರಿಗೆ ಒಬ್ಬರೇ ಅರ್ಜಿ ಹಾಕುವ ದಾರಿಯನ್ನೂ ಕಾನೂನು ತೆರೆದಿಟ್ಟಿದೆ.

ಇನ್ನು ‘ಗೊತ್ತಿದ್ದೂ ಸುಮ್ಮನಿದ್ದೆ, ಮನೆತನದ ಮರ್ಯಾದೆ ಮುಖ್ಯವಾಯಿತು’ ಎನ್ನುವವರ ಸ್ಥಿತಿ ಇನ್ನೂ ಕಷ್ಟ. ವಲಸೆ ಕಾನೂನನ್ನು ತಪ್ಪಿಸಲೆಂದೇ ಗೊತ್ತಿದ್ದೂ ಮದುವೆಯಾದವರಿಗೆ ಐದು ವರ್ಷಗಳವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ ಬೀಳಬಹುದು. ಅಮೆರಿಕದ ಪ್ರಜೆಯೆಂಬ ವಿನಾಯಿತಿ ಇಲ್ಲ. ಅರ್ಜಿದಾರರ ಆದಾಯ ಸಾಲದಾದಾಗ ಪಕ್ಕದ ಸಹಿ ಹಾಕುವ ಚಿಕ್ಕಪ್ಪನೋ ಸ್ನೇಹಿತನೋ ಪೂರ್ಣ ಹೊಣೆಯನ್ನೇ ಹೊರುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಆದ್ದರಿಂದ ಸಹಿಗೆ ಮುನ್ನ ನಮೂನೆಯನ್ನು ಪೂರ್ತಿ ಓದಿ. ಅನುಮಾನ ಮೂಡಿದರೆ ಸಂದೇಶ, ಹಣ ರವಾನೆಯ ದಾಖಲೆಗಳನ್ನು ಜೋಪಾನ ಮಾಡಿ, ಪರವಾನಗಿ ಇರುವ ವಲಸೆ ವಕೀಲರನ್ನು ಕಾಣಿ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಜಾಮೀನು ಹಿಂಪಡೆಯಲಾಗದು.